ಪ್ರಸಾದಕ್ಕೆ ಪಥ್ಯವಿಲ್ಲ

ಮಧುಗಿರಿಯ ನಮ್ಮ ಬೀದಿಯಲ್ಲಿ ನನಗೆ ‘ಅಪ್ಪನ ಕಾಲಿಗೋಸ್ಕರ ಅನ್ನ ಬಿಟ್ಟ ಹುಡುಗಿ’ ಎಂದು ಹೆಸರಿದೆ. ಬಾವಿಗೆ ಬಂದ ಹೆಂಗಸರು ಕೊಡ ಕೆಳಗಿಟ್ಟು, ನನ್ನನ್ನು ತೋರಿಸಿ ತಮ್ಮ ಹೆಣ್ಣುಮಕ್ಕಳಿಗೆ ಬುದ್ಧಿ ಹೇಳುತ್ತಾರೆ. ನಾನು ತಲೆ ತಗ್ಗಿಸಿ ನಿಲ್ಲುತ್ತೇನೆ. ಅದನ್ನು ಅವರು ವಿನಯ ಎಂದುಕೊಂಡಿದ್ದಾರೆ. ನಿಜಕ್ಕೂ ಅದು ನಾಚಿಕೆ. ಅಪ್ಪನ ಕಾಲು ಹೋಗುವ ಹಂತಕ್ಕೆ ಬಂದದ್ದರಲ್ಲಿ ಅರ್ಧ ಪಾಲು ನನ್ನದೇ ಎಂಬುದು ಅಪ್ಪ, ಅಜ್ಜಿ, ಸಿರಾದ ಗೌಸ್ ಸಾಹೇಬರು ಮತ್ತು ನಾನು, ಈ ನಾಲ್ವರನ್ನು ಬಿಟ್ಟು ಬೇರೆಯವರಿಗೆ ಗೊತ್ತಿಲ್ಲ. ಎರಡು ವರ್ಷ ಸುಮ್ಮನಿದ್ದೆ. ಹೊಗಳಿಕೆ ತಿಂದು ತಿಂದು ಈಗ ಅದೂ ಅಜೀರ್ಣವಾಗುತ್ತಿದೆ. ಬರೆದುಬಿಡುತ್ತೇನೆ.

ನನ್ನ ಹೆಸರು ಜಗದಾಂಬ. ಆಗ ನನಗೆ ಹದಿನೆಂಟು. ನಾನು ಮೂರು ವರ್ಷದವಳಿದ್ದಾಗಲೇ ಅಮ್ಮ ತೀರಿಕೊಂಡಳು. ಬೆಳೆಸಿದ್ದು ಅಪ್ಪನ ತಾಯಿ, ದಾಕ್ಷಾಯಣಮ್ಮಜ್ಜಿ. ಬೆಳೆಸಿದ್ದು ಎಂದರೆ ಕೈತುತ್ತು ಹಾಕುತ್ತ, ತುತ್ತಿಗೊಂದು ಕತೆ ಹೇಳುತ್ತ. ಕತೆಯ ರಾಜಕುಮಾರ ಒಂದು ಬೆಟ್ಟ ಹತ್ತಿದರೆ ನನಗೆ ಒಂದು ತುತ್ತು. ರಾಕ್ಷಸ ಎದುರಾದರೆ ಹೆದರಿಕೆಗೆ ಎರಡು. ಅಜ್ಜಿಯ ಕತೆಗಳಲ್ಲಿ ರಾಕ್ಷಸರಿಗೆ ಬರವಿರಲಿಲ್ಲ. ಹೀಗಾಗಿ ನಾನು ಕತೆಯಲ್ಲೂ ಮೈಯಲ್ಲೂ ಒಟ್ಟೊಟ್ಟಿಗೇ ತುಂಬಿಕೊಂಡೆ. ಕಣ್ಣು ಮುಚ್ಚಿದರೆ, ಮುಡಿದ ಮಲ್ಲಿಗೆಯ ಭಾರಕ್ಕೇ ನಡು ಬಳುಕುವ ರಾಜಕುಮಾರಿ ನಾನು. ಕಣ್ಣು ಬಿಟ್ಟರೆ, ಮನೆಗೆಲಸದ ಕೆಂಚಮ್ಮ ಪೊರಕೆ ಹಿಡಿದು, “ವಸಿ ಆಕಡೀಕೆ ಸರೀರಿ ಜಗದಮ್ಮಾರೆ, ಬಾಗ್ಲೇ ಕಾಣಾಕಿಲ್ಲ” ಎನ್ನುತ್ತಿದ್ದಳು.

ಅಪ್ಪನ ಹೆಸರು ಮಲ್ಲಿಕಾರ್ಜುನಯ್ಯ. ಪೇಟೆಬೀದಿಯಲ್ಲಿ ಜವಳಿ ಅಂಗಡಿ. ಒಂದು ಕಾಲು ಮಡಚಿ ಗಾದಿಯ ಮೇಲೆ ಕೂತರೆ ಏಳುವುದು ಊಟಕ್ಕೇ. ಆ ವರ್ಷ, ಅಂದರೆ ಮೂವತ್ತೇಳನೇ ಇಸವಿಯಲ್ಲಿ, ಚಪ್ಪಲಿಯ ಮೊಳೆ ಒತ್ತಿ ಅವರ ಬಲಗಾಲಿನ ಕಿರುಬೆರಳ ಕೆಳಗೆ ಒಂದು ಗಾಯವಾಯಿತು. ಅಜ್ಜಿ ಅರಿಸಿನ ಹಚ್ಚಿದಳು, ಬೇವಿನೆಣ್ಣೆ ಹಚ್ಚಿದಳು, ದೃಷ್ಟಿ ತೆಗೆದಳು. ಎರಡು ತಿಂಗಳಾದರೂ ಗಾಯ ಒಣಗಲಿಲ್ಲ. ಅದೇ ಹೊತ್ತಿಗೆ ಕೆಂಚಮ್ಮ ಬಚ್ಚಲು ತೊಳೆದು ಬಂದು ಕೇಳಿದಳು:

“ಅಮ್ಮಾರೆ, ಮೋರಿ ತಾವ ಇರುವೆ ಸಾಲುಗಟ್ಟವೆ. ಯಾರಾನ ಬೆಲ್ಲದ್ ನೀರು ಚೆಲ್ಲಿದ್ರಾ?”

ಯಾರೂ ಚೆಲ್ಲಿರಲಿಲ್ಲ. ಬೆಲ್ಲದ ನೀರು ಚೆಲ್ಲುವ ಮನೆಯೇ ಅಲ್ಲ ನಮ್ಮದು, ಕುಡಿಯುವ ಮನೆ.

ಊರಿನ ಆಸ್ಪತ್ರೆಗೆ ಹೋಗಲು ಅಪ್ಪ ಒಪ್ಪಲಿಲ್ಲ. “ನನ್ನ ಗಿರಾಕಿಗಳ ಜೊತೇಲಿ ಸೀಸೆ ಹಿಡ್ಕೊಂಡು ಸಾಲಿಗೆ ನಿಂತ್ಕೊಳ್ಳಲಾ?” ಎಂದರು. ಪ್ರತಿ ಬುಧವಾರ ಸಿರಾದಿಂದ ಬಸ್ಸಿನಲ್ಲಿ ಒಬ್ಬ ಡಾಕ್ಟರು ಬರುತ್ತಿದ್ದರು. ಸರ್ಕಾರಿ ನೌಕರಿಯಿಂದ ನಿವೃತ್ತರಾದ ಗೌಸ್ ಸಾಹೇಬರು. ಬಿಳಿ ಗಡ್ಡ, ಕಪ್ಪು ಕೋಟು, ಕೈಯಲ್ಲಿ ತಗಡಿನ ಪೆಟ್ಟಿಗೆ. ಅಪ್ಪ ಅವರನ್ನು ಅಂಗಡಿಯ ಹಿಂದಿನ ಕೋಣೆಗೆ ಕರೆಸಿದರು. ಆಸರೆಗೆಂದು ನಾನೂ ಹೋದೆ. ಆಸರೆಗಿಂತ ಕುತೂಹಲವೇ ಹೆಚ್ಚಾಗಿತ್ತು.

ಸಾಹೇಬರು ಗಾಜಿನ ಕೊಳವೆಯಲ್ಲಿ ನೀಲಿ ಬಣ್ಣದ ನೀರು ಹಾಕಿ, ಅದಕ್ಕೆ ಅಪ್ಪನ ಮೂತ್ರದ ಸೀಸೆಯಿಂದ ಎಣಿಸಿ ಎಂಟು ತೊಟ್ಟು ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಹಿಡಿದರು. ಎಂಥ ನೀಲಿ ಅದು! ನನಗೆ ನವಿಲಿನ ಕುತ್ತಿಗೆ ನೆನಪಾಯಿತು, ಏಳು ಸಮುದ್ರ ನೆನಪಾಯಿತು. ನೋಡುತ್ತಿದ್ದಂತೆ ಸಮುದ್ರ ಹಸಿರಾಯಿತು, ಹಸಿರು ಹಳದಿಯಾಯಿತು, ಹಳದಿ ಇಟ್ಟಿಗೆಪುಡಿ ಕಲಸಿದ ಹಾಗೆ ಕೆಂಪಾಗಿ ನಿಂತಿತು. “ಅಬ್ಬಾ, ಎಷ್ಟು ಚೆನ್ನಾಗೈತೆ!” ಎಂದು ನಾನು ಬಾಯಿಬಿಟ್ಟು ಹೇಳಿಬಿಟ್ಟೆ.

ಸಾಹೇಬರು ನನ್ನನ್ನು ನೋಡಿ ನಿಟ್ಟುಸಿರು ಬಿಟ್ಟರು. “ಚೆನ್ನಾಗಿಲ್ಲ ಬೇಟಿ. ನೀಲಿ ನೀಲಿಯಾಗೇ ನಿಂತಿದ್ರೆ ಚೆನ್ನಾಗಿತ್ತು. ಹಸಿರಾದ್ರೂ ನಾನು ಸುಮ್ನಿರ್ತಿದ್ದೆ. ಇದು ಇಟ್ಟಿಗೆ. ನಿಮ್ಮಪ್ಪನಿಗೆ ಸಿಹಿಮೂತ್ರ.”

ಆಮೇಲೆ ಅಪ್ಪನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ನಿಧಾನವಾಗಿ ವಿವರಿಸಿದರು. ಮೈಯಲ್ಲಿ ಸಕ್ಕರೆ ಇಳಿಯದಿದ್ದರೆ ಗಾಯ ಒಣಗುವುದಿಲ್ಲ. ಒಣಗದ ಗಾಯ ಮೇಲಕ್ಕೆ ಹತ್ತುತ್ತದೆ. ಹತ್ತಿದರೆ ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಹರಡಿನ ತನಕ, ಅಂದರೆ ಕಾಲ್ಗಿಣ್ಣಿನವರೆಗೆ, ಪಾದ ತೆಗೆಯಬೇಕಾಗುತ್ತದೆ. ಈಗ ಮಾಡಬಹುದಾದದ್ದು ಒಂದೇ, ಪರಹೇಜು. ನಾವು ಪಥ್ಯ ಎನ್ನುವುದಕ್ಕೆ ಅವರ ಮಾತು ಅದು.

“ಅನ್ನ ಬಿಡ್ಬೇಕು. ಮುದ್ದೆ ಬಿಡ್ಬೇಕು. ಬೆಲ್ಲ, ಸಕ್ಕರೆ, ಬಾಳೆಹಣ್ಣು, ಗೆಣಸು ಈ ಕಡೆ ತಿರುಗೂ ನೋಡ್ಬಾರ್ದು. ರಾತ್ರಿಗೆ ಅಂಗೈಯಗಲ ಒಂದು ರಾಗಿ ರೊಟ್ಟಿ. ಮಿಕ್ಕಂತೆ ಸೊಪ್ಪು, ತರಕಾರಿ, ಮೊಸರು, ಬೆಣ್ಣೆ, ಕಡಲೆಕಾಯಿ. ಆಮೇಲೆ ಮೊಟ್ಟೆ…” ಎಂದವರು ಅಪ್ಪನ ಹಣೆಯ ಮೇಲಿನ ವಿಭೂತಿ ನೋಡಿ, “ಮೊಸರು ಇನ್ನೊಂದು ಬಟ್ಟಲು” ಎಂದು ಮಾತು ತಿರುಗಿಸಿದರು.

ಅಪ್ಪ ಮುಖ ಊದಿಸಿಕೊಂಡರು. “ಅಂದ್ರೆ ನೀವೆಲ್ಲ ಉಣ್ತಾ ಕೂತಿರೋದು, ನನ್ನ ಒಂದು ಮೂಲೇಲಿ ದನ ಕಟ್ಟಿದಂಗೆ ಕಟ್ಟಿ ಸೊಪ್ಪು ಹಾಕೋದು! ಆಗಾಕಿಲ್ಲ.”

ನನ್ನೊಳಗೆ ಅಜ್ಜಿ ತುಂಬಿಸಿಟ್ಟಿದ್ದ ರಾಜಕುಮಾರಿಯರೆಲ್ಲ ಒಟ್ಟಿಗೇ ಎದ್ದು ನಿಂತರು. ತಂದೆಗಾಗಿ ಕಾಡಿಗೆ ಹೋದವರು, ತಪಸ್ಸು ಮಾಡಿದವರು, ಹಾವಿನ ಬಾಯಿಗೆ ಕೈ ಹಾಕಿದವರು. “ಅಪ್ಪ, ನೀನು ತಿಂದಿದ್ದನ್ನೇ ನಾನೂ ತಿಂತೀನಿ. ಒಂದು ಅಗುಳು ಹೆಚ್ಚಿಲ್ಲ” ಎಂದೆ. ಹಾಗೆಯೇ ಮೈ ಕರಗಿ ನಡು ಬಳುಕಿದರೆ ಅದು ನನ್ನ ತಪ್ಪಲ್ಲ ಎಂದೂ ಒಳಗೊಳಗೇ ಅಂದುಕೊಂಡೆ. ಅಪ್ಪನ ಕಣ್ಣಲ್ಲಿ ನೀರು ಬಂತು. ಸಾಹೇಬರು ಒಂದು ನೋಟುಪುಸ್ತಕ ನನ್ನ ಕೈಗೆ ಕೊಟ್ಟು, “ಅಪ್ಪನ ಬಾಯಿಗೆ ಹೋಗಿದ್ದೆಲ್ಲ ಬರೀಬೇಕು. ಮೂರು ವಾರ ಬಿಟ್ಟು ನೋಡ್ತೀನಿ” ಎಂದರು.

ದಾರಿಯಲ್ಲಿ ಅಪ್ಪ ಒಂದೇ ಮಾತು ಹೇಳಿದರು. “ಕಾಲು ತೆಗೆಯೋ ಸುದ್ದಿ ಅವ್ವನ ತಾವ ಎತ್ತಬ್ಯಾಡ ಕಣಮ್ಮ. ನನಗಿಂತ ಮುಂಚೆ ಮೂರು ಮಕ್ಕಳನ್ನ ಮಣ್ಣಿಗೆ ಕೊಟ್ಟೋಳು ಅವಳು. ಬಾಯಿಹುಣ್ಣು, ಅದಕ್ಕೆ ಪಥ್ಯ ಅಂತ ಹೇಳಾನ.”

ಮಾರನೆಯ ದಿನದಿಂದ ತಪಸ್ಸು ಶುರುವಾಯಿತು. ಹೊನಗೊನೆ ಸೊಪ್ಪಿನ ಪಲ್ಯ, ಹೀರೆಕಾಯಿ ಪಲ್ಯ, ಕೆನೆ ಮೊಸರು. ಮೊದಲ ದಿನ ಹೆಮ್ಮೆಯಿಂದ ಹೊಟ್ಟೆ ತುಂಬಿತು. ಎರಡನೆಯ ದಿನ ಹೆಮ್ಮೆ ಬೇಗ ಜೀರ್ಣವಾಯಿತು. ಮೂರನೆಯ ದಿನ ಮಹಡಿಯಲ್ಲಿ ಬಟ್ಟೆ ಒಣಹಾಕಲು ಹೋದವಳು ಊರಿನ ಕೋಟೆಬೆಟ್ಟ ನೋಡಿಕೊಂಡು ನಿಂತುಬಿಟ್ಟೆ. ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ, ಆ ಬೆಟ್ಟ ಅಷ್ಟು ನುಣ್ಣಗೆ, ಅಷ್ಟು ದುಂಡಗೆ, ಯಾರೋ ಈಗಷ್ಟೇ ತೊಳಸಿ, ಒದ್ದೆ ಕೈಯಲ್ಲಿ ಸವರಿ ಊರ ಪಕ್ಕ ಇಟ್ಟ ಮುದ್ದೆಯ ಹಾಗಿದೆ ಎಂದು ಅವತ್ತೇ ಗೊತ್ತಾದದ್ದು. ಕೋಟೆಯ ಗೋಡೆ ಅದರ ಸುತ್ತ ಹರಿದ ಸಾರಿನ ಗೆರೆಯಂತಿತ್ತು. ಕೆಂಚಮ್ಮ ಕೊಟ್ಟಿಗೆಯ ಮುಂದೆ ಕೂತು ಮುದ್ದೆ ಮುರಿದು ಬಸ್ಸಾರಿಗೆ ಅದ್ದುತ್ತಿದ್ದಾಗ ನಾನು ಮಾತನಾಡಿಸುವ ನೆಪದಲ್ಲಿ ಅಲ್ಲೇ ಸುಳಿದಾಡಿದೆ.

“ಯಾಕ್ ಜಗದಮ್ಮಾರೆ, ನನ್ ಗಂಗಾಳನ ಅಂಗ್ ನೋಡ್ತೀರಿ? ನನ್ಗೇ ಹೊಟ್ಟೆನೋವು ಬತ್ತದೆ” ಎಂದು ಆಕೆ ಸೆರಗು ಅಡ್ಡ ಹಿಡಿದಳು.

ಇಷ್ಟಾದರೂ ನಾನು ತಪಸ್ಸು ಮುರಿಯಲಿಲ್ಲ. ಮುರಿಯುವ ಅಗತ್ಯವೇ ಬೀಳಲಿಲ್ಲ. ಯಾಕೆಂದರೆ ನಮ್ಮ ಮನೆಯಲ್ಲಿ ಬೆಲ್ಲದನ್ನದ ಎಡೆ ಇತ್ತು.

ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೂರು ಕೂಸುಗಳು ಹೋದ ಮೇಲೆ ಅಪ್ಪ ಹುಟ್ಟಿದಾಗ ಅಜ್ಜಿ ಮಲ್ಲೇಶ್ವರನಿಗೆ ಹರಕೆ ಹೊತ್ತಿದ್ದಳು: ಈ ಮಗು ಉಳಿದರೆ ನನ್ನ ಕೈ ಓಡುವವರೆಗೂ ದಿನಾ ಒಂದು ಬಟ್ಟಲು ಬೆಲ್ಲದನ್ನ ನಿನ್ನ ಮುಂದೆ ಇಡುತ್ತೇನೆ. ಮಗು ಉಳಿಯಿತು. ದೇವರ ಹೆಸರನ್ನೇ ಇಟ್ಟಳು. ಐವತ್ತೊಂದು ವರ್ಷದಿಂದ ಒಂದು ದಿನವೂ ಎಡೆ ತಪ್ಪಿರಲಿಲ್ಲ. ಬೆಳಗ್ಗೆ ಅಪ್ಪ ಲಿಂಗಪೂಜೆ ಮುಗಿಸುವ ಹೊತ್ತಿಗೆ ದೇವರ ಗೂಡಿನ ಮುಂದೆ ತುಪ್ಪ, ಏಲಕ್ಕಿ, ಕೊಬ್ಬರಿ ಹಾಕಿದ ಬೆಲ್ಲದನ್ನ ಹೊಗೆಯಾಡುತ್ತಿರುತ್ತದೆ. ದೇವರಿಗೆ ತೋರಿಸಿದ ಮೇಲೆ ಅದು ಪ್ರಸಾದ. ನಮ್ಮಲ್ಲಿ ಪ್ರಸಾದವನ್ನು ಬೇಡ ಎನ್ನುವಂತಿಲ್ಲ. ಒಂದು ಅಗುಳೂ ಬಿಡುವಂತಿಲ್ಲ. ಬಟ್ಟಲು ತೊಳೆದ ನೀರನ್ನೂ ಕುಡಿಯಬೇಕು.

ಡಾಕ್ಟರು ಬಿಡಿ ಎಂದದ್ದು ಊಟದ ಅನ್ನವನ್ನು. ಇದು ಊಟವಲ್ಲ. ಇದನ್ನು ತಿನ್ನುವುದು ಮೋಸವೆಂದು ಅಪ್ಪ ಅಂದುಕೊಂಡಿರಲಿಲ್ಲ, ನಾನೂ ಅಂದುಕೊಂಡಿರಲಿಲ್ಲ. ಬೇಕಾದರೆ ಆಣೆ ಇಡುತ್ತೇನೆ. ಹುಟ್ಟಿದಾಗಿನಿಂದ ಪ್ರಸಾದಕ್ಕೆ ಒಂದು ಗೂಡು, ಊಟಕ್ಕೆ ಇನ್ನೊಂದು ಗೂಡು ನಮ್ಮ ತಲೆಯಲ್ಲಿ. ನೋಟುಪುಸ್ತಕದಲ್ಲಿ ನಾನು ದುಂಡನೆಯ ಅಕ್ಷರದಲ್ಲಿ ‘ಬೆಳಿಗ್ಗೆ: ಮಜ್ಜಿಗೆ ಒಂದು ಲೋಟ’ ಎಂದು ಬರೆಯುತ್ತಿದ್ದಾಗ ತುಟಿಯ ಮೇಲೆ ತುಪ್ಪದ ಜಿಡ್ಡಿರುತ್ತಿತ್ತು.

ತಪ್ಪು ಅಷ್ಟೇ ಆಗಿದ್ದರೆ ಇವತ್ತು ಇದನ್ನು ಬರೆಯುತ್ತಿರಲಿಲ್ಲ. ನಾಲ್ಕನೆಯ ದಿನ ಹಸಿವು ತಡೆಯಲಾರದೆ ನಾನು ಅಡುಗೆಮನೆಗೆ ಹೋಗಿ ಅಜ್ಜಿಗೆ ಹೇಳಿದೆ, “ಅಜ್ಜಿ, ಅಪ್ಪನಿಗೆ ಮೈ ಸರಿಯಿಲ್ಲದ ಕಾಲ. ಇಷ್ಟು ಚಿಕ್ಕ ಬಟ್ಟಲಲ್ಲಿ ಎಡೆ ಇಟ್ರೆ ದೇವರು ಏನಂದ್ಕೊಂಡಾನು?”

ಅಜ್ಜಿ ಯೋಚಿಸಿದಳು. ಬಟ್ಟಲು ಹೋಗಿ ಚೊಂಬು ಬಂತು. ಎಂಟನೆಯ ದಿನ ನಾನು ಇನ್ನೊಮ್ಮೆ ದೇವರ ಪರವಾಗಿ ಮಾತನಾಡಿದೆ. ಚೊಂಬು ಹೋಗಿ ಹಿತ್ತಾಳೆಯ ತಪ್ಪಲೆ ಬಂತು. ಅಪ್ಪ ಪೂಜೆ ಮುಗಿಸಿ ಕಣ್ಣು ತೆರೆದು ತಪ್ಪಲೆ ನೋಡಿದವರು, “ಅವ್ವಂಗೆ ವಯಸ್ಸಾದಂಗೆ ಭಕ್ತಿ ಜಾಸ್ತಿ ಆಗ್ತೈತೆ” ಎಂದರು. ನಾನು ಹೌದೆಂದು ತಲೆಯಾಡಿಸಿದೆ. ಅಜ್ಜಿಗೆ ಹಲ್ಲಿಲ್ಲ, ಅವಳು ಬಾಯಿಗೆ ಹಾಕಿಕೊಳ್ಳುತ್ತಿದ್ದದ್ದು ಒಂದು ಚಿಟಿಕೆ. ಮಿಕ್ಕದ್ದು ನಮ್ಮಿಬ್ಬರಿಗೆ. ಒಂದು ಅಗುಳೂ ಬಿಡುವಂತಿಲ್ಲವಲ್ಲ!

ಮೂರನೆಯ ಬುಧವಾರ ಬಂತು. ಅಂಗಡಿಯ ಹಿಂದಿನ ಕೋಣೆಯಲ್ಲಿ ಸಾಹೇಬರು ದೀಪ ಹಚ್ಚಿದರು. ನೀಲಿ ಹಸಿರಾಗಲು ಸಹ ಹೊತ್ತು ಹಿಡಿಯಲಿಲ್ಲ. ನೇರ ಇಟ್ಟಿಗೆ. ಹೋದ ಸಲ ಒಂದು ಇಟ್ಟಿಗೆಯಾಗಿದ್ದರೆ ಈ ಸಲ ಗೋಡೆ.

ಅವರು ಪಟ್ಟಿ ಬಿಚ್ಚಿ ಕಾಲು ನೋಡಿದರು. ಗಾಯದ ಅಂಚು ಕಪ್ಪಾಗಿ, ಪಾದದ ಮೇಲ್ಭಾಗಕ್ಕೆ ಬಾವು ಹತ್ತಿತ್ತು. ಆಮೇಲೆ ನನ್ನ ನೋಟುಪುಸ್ತಕವನ್ನು ಒಂದೊಂದು ಹಾಳೆ ತಿರುಗಿಸಿ ಓದಿದರು. ಸೊಪ್ಪು, ಮಜ್ಜಿಗೆ, ಸೊಪ್ಪು, ಹೀರೆಕಾಯಿ, ಸೊಪ್ಪು. ಓದುತ್ತ ಓದುತ್ತ ಅವರ ಮುಖ ಇಳಿಯಿತು.

“ಇಷ್ಟು ಪರಹೇಜು ಮಾಡಿದ ಮನುಷ್ಯನ್ನ ನಾನು ನೋಡಿಲ್ಲ. ಇಷ್ಟರ ಮೇಲೂ ಇಳೀಲಿಲ್ಲ ಅಂದ್ರೆ ನನ್ನ ಕೈಯಲ್ಲಿ ಏನೂ ಇಲ್ಲ ಮಲ್ಲಿಕಾರ್ಜುನಯ್ಯನವರೆ. ಬೆಂಗಳೂರಿಗೆ ಕಾಗದ ಬರ್ಕೊಡ್ತೀನಿ. ತಡ ಮಾಡಿದ್ರೆ ಮೊಣಕಾಲಿಗೆ ಬರುತ್ತೆ.”

ಅಪ್ಪ ಮಡಚಿದ್ದ ಇನ್ನೊಂದು ಕಾಲನ್ನು ನೀಡಿ, ಎರಡು ಪಾದಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡುತ್ತ ಕೂತರು.

ಸಾಹೇಬರು ಕಾಗದ ತೆಗೆದು, ಪೆನ್ನು ತೆರೆದು, ಏನೋ ನೆನಪಾದವರಂತೆ ತಲೆಯೆತ್ತಿ ನನ್ನನ್ನು ನೋಡಿದರು. ಬಹಳ ಹೊತ್ತು ನೋಡಿದರು.

“ಬೇಟಿ, ನೀನೂ ಮೂರು ವಾರದಿಂದ ಇದನ್ನೇ ತಿಂತಿದ್ದೀಯಾ?”

“ಹೂಂ ಸಾಹೇಬ್ರೆ. ಅಪ್ಪ ತಿಂದಿದ್ದೇ ನಾನೂ.”

“ಬರೀ ಸೊಪ್ಪು ತಿಂದೋರ ಕೆನ್ನೆ ಹಿಂಗಿರಲ್ಲ.”

ನಾನು ಕೆನ್ನೆ ಮುಟ್ಟಿಕೊಂಡೆ. ನಿಜ ಹೇಳಬೇಕೆಂದರೆ, ಕರಗಿದೆ ಎಂದುಕೊಂಡಿದ್ದೆ. ಆ ಬೆಳಗ್ಗೆ ರವಿಕೆಯ ಗುಂಡಿ ಹಾಕಲಾಗದೆ ಒಗೆದು ಒಗೆದು ಬಟ್ಟೆ ಕುಗ್ಗಿದೆ ಎಂದು ಜವಳಿ ವ್ಯಾಪಾರಿಯ ಮಗಳಾಗಿ ತೀರ್ಮಾನ ಮಾಡಿದ್ದೆ.

“ಪುಸ್ತಕದಲ್ಲಿ ಬರೀದೆ ಇರೋದು ಏನಾದ್ರೂ ಬಾಯಿಗೆ ಹೋಯ್ತಾ?”

“ಏನೂ ಇಲ್ಲ” ಎಂದೆವು ಅಪ್ಪ ಮಗಳು ಒಟ್ಟಿಗೇ. ಮಾತು ಸುಳ್ಳಾಗಬಾರದೆಂದು ನಾನು ಸೇರಿಸಿದೆ, “ಪ್ರಸಾದ ಬಿಟ್ರೆ.”

“ಪ್ರಸಾದ ಎಷ್ಟು?”

ನಾನು ಎರಡು ಕೈಗಳಿಂದ ತಪ್ಪಲೆಯ ಅಗಲ ತೋರಿಸಿದೆ. ಅವರು ಕನ್ನಡಕ ತೆಗೆದರು.

“ದಿನಾ?”

“ದಿನಾ.”

“ಏನಿರುತ್ತೆ ಅದರಲ್ಲಿ?”

ಅಕ್ಕಿ, ಬೆಲ್ಲ ಎಂದು ಹೇಳಲು ಬಾಯಿ ತೆರೆದೆ. ಆಗ, ಆ ಎರಡು ಮಾತು ನಾಲಿಗೆಯ ತುದಿಗೆ ಬಂದಾಗ, ನನ್ನ ತಲೆಯಲ್ಲಿದ್ದ ಎರಡು ಗೂಡುಗಳ ನಡುವಿನ ಗೋಡೆ ಬಿದ್ದಿತು. ಬಿದ್ದ ಸದ್ದು ಅಪ್ಪನಿಗೂ ಕೇಳಿಸಿರಬೇಕು. ಅವರು ಬಡಬಡನೆ, “ಅದು ಊಟ ಅಲ್ಲ ಸಾಹೇಬ್ರೆ, ದೇವ್ರದು. ಬ್ಯಾಡ ಅನ್ನಂಗಿಲ್ಲ” ಎಂದರು.

ಬೈಯುತ್ತಾರೆ ಎಂದುಕೊಂಡೆ. ಸಾಹೇಬರು ಬೈಯಲಿಲ್ಲ. ಕನ್ನಡಕ ಒರೆಸುತ್ತ ಹೇಳಿದರು, “ಉರುಸಿನಲ್ಲಿ ದರ್ಗಾದೋರು ಕೈಗೆ ಸಿಹಿ ಹಾಕ್ತಾರೆ. ಬೇಡ ಅನ್ನೋ ಧೈರ್ಯ ನನಗೂ ಇಲ್ಲ. ಆದ್ರೆ ಅದು ಎಲ್ಲಿಂದ ಬಂತು ಅಂತ ಹೊಟ್ಟೆಗೆ ಗೊತ್ತಾಗಲ್ಲ ಮಲ್ಲಿಕಾರ್ಜುನಯ್ಯನವರೆ. ಹೊಟ್ಟೆ ಓದಿಲ್ಲ, ಬರೆದಿಲ್ಲ.” ಪೆನ್ನಿನ ಮುಚ್ಚಳ ಹಾಕಿದರು. “ಒಂದು ತಿಂಗಳು ಕೊಡ್ತೀನಿ. ವಾರ ವಾರ ಬಂದು ಗಾಯ ತೊಳೀತೀನಿ. ಬಾವು ಒಂದು ಬೆರಳು ಮೇಲೆ ಹತ್ತಿದ್ರೂ ಆವತ್ತೇ ಬೆಂಗಳೂರು.”

ಅಪ್ಪ ಮನೆಗೆ ಬರುವಾಗ ಕುಂಟುತ್ತಿದ್ದರು. “ನಾನು ಎಡೆ ನಿಲ್ಸು ಅಂತ ಅವ್ವಂಗೆ ಹೆಂಗೆ ಹೇಳ್ಲಿ? ನನ್ನ ಜೀವ ಅದರ ಮೇಲೆ ನಿಂತೈತೆ ಅಂತ ಐವತ್ತು ವರ್ಷದಿಂದ ನಂಬ್ಕೊಂಡವ್ಳೆ. ನೀನೂ ಹೇಳಬ್ಯಾಡ. ಹೋಗೋದಾದ್ರೆ ಕಾಲು ಹೋಗ್ಲಿ.”

ಹೇಳಬೇಡ ಎಂದದ್ದು ಕಾಲಿನ ವಿಷಯ. ಕತೆ ಹೇಳಬೇಡ ಎಂದಿರಲಿಲ್ಲ. ಮಧ್ಯಾಹ್ನ ಅಜ್ಜಿ ಹಜಾರದ ಕಂಬಕ್ಕೆ ಒರಗಿ ಬತ್ತಿ ಹೊಸೆಯುತ್ತಿದ್ದಳು. ನಾನು ಹತ್ತಿರ ಕೂತು, “ಅಜ್ಜಿ, ಇವತ್ತು ನಾನು ಕತೆ ಹೇಳ್ತೀನಿ, ನೀನು ಹೂಂ ಅನ್ನು” ಎಂದೆ.

“ಹೂಂ.”

“ಒಂದೂರಲ್ಲಿ ಒಬ್ಬ ರಾಜ. ದಿನಾ ಶಿವನಿಗೆ ಒಂದು ಕೊಡ ಜೇನುತುಪ್ಪದ ಎಡೆ ಇಡ್ತಿದ್ದ.”

“ಹೂಂ.”

“ಒಂದಿನ ಶಿವ ಮುದುಕನ ವೇಷ ಹಾಕ್ಕೊಂಡು ಬಂದ. ‘ಸಾವಿರ ವರ್ಷದಿಂದ ಸಿಹಿ ತಿಂದು ತಿಂದು ನನ್ನ ಹಲ್ಲು ಜುಮ್ಮಂತೈತೆ, ಒಂದು ಹಿಡಿ ಸೊಪ್ಪು ಕೊಡು’ ಅಂದ. ರಾಜನಿಗೆ ಆನಂದ ಆಯ್ತು. ಅಡಿಗೆಯೋರನ್ನ ಕರೆಸಿದ. ಬಾಳೆಲೆ ಹಾಕ್ಸಿದ. ಮೊದಲು ಕೋಸಂಬರಿ, ಆಮೇಲೆ ಹುಳಿಯನ್ನ, ಬಿಸಿ ಬಿಸಿ ಹೋಳಿಗೆ, ಅದರ ಮೇಲೆ ತುಪ್ಪ, ಹೋಳಿಗೆ ಸಾರು, ಹಪ್ಪಳ…”

ಅಜ್ಜಿಯ ‘ಹೂಂ’ ನಿಂತದ್ದು ನನಗೆ ತಿಳಿಯಲೇ ಇಲ್ಲ. ಪಾಯಸದವರೆಗೆ ಹೋಗಿದ್ದೆ.

“ಸೊಪ್ಪು ಕೇಳಿದ ಶಿವಂಗೆ ಹೋಳಿಗೆ ಯಾಕ್ ಬಡಿಸ್ದ ನಿನ್ ರಾಜ?” ಎಂದಳು ಅಜ್ಜಿ. “ರಾಜಂಗೆ ಹೆಸರಿಲ್ಲ, ಊರಿಗೆ ಹೆಸರಿಲ್ಲ. ಊಟದೆಲೆ ಮಾತ್ರ ತುಂಬೈತೆ. ಹೊಟ್ಟೆ ಹಸ್ಕೊಂಡು ಕತೆ ಹೇಳಾಕೆ ಕೂರಬ್ಯಾಡ ಜಗದಿ. ಏನಾಗ್ಬೇಕು ಅದನ್ನ ನೆಟ್ಟಗೆ ಹೇಳು.”

ನೆಟ್ಟಗೆ ಹೇಳಿದೆ. ಇರುವೆಗಳಿಂದ ಹಿಡಿದು ಬೆಂಗಳೂರಿನವರೆಗೆ. ಅಪ್ಪನಿಗೆ ಕೊಟ್ಟ ಮಾತು ಮುರಿದೆ. ಆ ತಿಂಗಳಲ್ಲಿ ನಾನು ಮುರಿದದ್ದರಲ್ಲಿ ಒಳ್ಳೆಯದಾದದ್ದು ಅದೊಂದೇ.

ಅಜ್ಜಿಯ ಕೈಯಲ್ಲಿ ಬತ್ತಿ ಹಾಗೇ ನಿಂತಿತು. “ಯಾವ್ ಕಾಲು?”

“ಬಲಗಾಲು.”

“ಎಲ್ಲೀಗಂಟ?”

“ಹರಡಿನ ತನಕ ಅಂತೆ.”

ಅವಳು ತನ್ನ ಹರಡನ್ನು ಹಿಡಿದು ನೋಡಿಕೊಂಡಳು, ಅಲ್ಲಿಂದ ಕೆಳಗೆ ಎಷ್ಟಿದೆ ಎಂದು ಅಳೆಯುವವಳ ಹಾಗೆ. “ಹುಟ್ದಾಗ ಅವನ ಎರಡೂ ಪಾದ ನನ್ನ ಒಂದು ಅಂಗೈಯಾಗೆ ಕೂರ್ತಿದ್ವು” ಎಂದಳು. ಆಮೇಲೆ, “ಬದುಕ್ಲಿ ಅಂತ ಇಟ್ಟಿದ್ದು ಕಣೇ ಅದನ್ನ” ಎಂದಳು.

ಅದನ್ನು ಕೇಳಿ ನನ್ನ ಹೊಟ್ಟೆಯೊಳಗಿನ ಹಸಿವು ಕೂಡ ಸುಮ್ಮನಾಯಿತು. “ಅಜ್ಜಿ, ನಿನ್ನ ಬಟ್ಟಲಿನಿಂದ ಇಷ್ಟೆಲ್ಲ ಆಗಿಲ್ಲ. ಅದನ್ನ ತಪ್ಪಲೆ ಮಾಡ್ಸಿದ್ದು ನಾನು. ದೇವರಿಗೆ ಅಂತ ಹೇಳಿ ನನಗೆ ಮಾಡಿಸ್ಕೊಂಡೆ.”

“ಗೊತ್ತಿತ್ತು” ಎಂದಳು ಅಜ್ಜಿ. “ನಿನ್ನ ಭಕ್ತಿ ನಿನ್ನ ಕೆನ್ನೇಲೇ ಕಾಣ್ತಿತ್ತು. ಬೆಳೆಯೋ ಹುಡುಗಿ, ತಿನ್ಲಿ ಅಂತ ಸುಮ್ಕಿದ್ದೆ.”

ಮಾರನೆಯ ಬೆಳಗ್ಗೆ ಅಡುಗೆಮನೆಯಿಂದ ಏಲಕ್ಕಿಯ ವಾಸನೆ ಬರಲಿಲ್ಲ. ಅಜ್ಜಿ ಹಿತ್ತಿಲಿನಿಂದ ನುಗ್ಗೆಸೊಪ್ಪು ಕೊಯ್ದು ತಂದು, ಎಲೆ ಬಿಡಿಸಿ, ಕಡಲೆಕಾಯಿ ಪುಡಿ ಹಾಕಿ ಪಲ್ಯ ಮಾಡಿದಳು. ತಪ್ಪಲೆಯನ್ನು ಅಟ್ಟಕ್ಕೆ ಹಾಕಿ ಹಳೆಯ ಬಟ್ಟಲನ್ನೇ ತೊಳೆದು ತುಂಬಿದಳು. ಅದನ್ನು ದೇವರ ಗೂಡಿನ ಮುಂದೆ ಇಟ್ಟು ಎದುರಿಗೇ ಕೂತಳು. ನಾನು ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಂಡೆ.

“ಬೆಲ್ಲದನ್ನ ಇಡ್ತೀನಿ ಅಂತ ಹರಕೆ ಹೊತ್ತೋಳು ನಾನು, ಮಲ್ಲೇಶ. ಅವನಲ್ಲ. ತಪ್ಪಾಗಿದ್ರೆ ನನ್ನ ಕೇಳು. ಎಪ್ಪತ್ತೈದು ವರ್ಷದೋಳು ಇಲ್ಲೇ ಕೂತಿವ್ನಿ, ಎಲ್ಲೂ ಓಡೋಗಾಕಿಲ್ಲ. ಅವನ ಕಾಲಿನ ತಂಟೆಗೆ ಬರಬ್ಯಾಡ.”

ಅಪ್ಪ ಪೂಜೆ ಮುಗಿಸಿ ಕಣ್ಣು ತೆರೆದರು. ಬಟ್ಟಲು ನೋಡಿದರು. ನನ್ನನ್ನು ನೋಡಿದರು. ನಾನು ಸೀರೆ ಸೆರಗಿನ ಅಂಚಿನಲ್ಲಿ ಏನೋ ಹುಡುಕುತ್ತಿದ್ದೆ.

“ಅವ್ವ, ದೇವರಿಗೆ ನುಗ್ಗೆಸೊಪ್ಪೇ?”

“ದೇವರು ಸುಮ್ಕವ್ನೆ. ನೀನ್ಯಾಕೆ ಬಾಯಿ ಮಾಡ್ತೀಯ?” ಎಂದು ಅಜ್ಜಿ ಬಟ್ಟಲು ಅವರ ಕೈಗಿಟ್ಟಳು. “ಪ್ರಸಾದ. ಒಂದು ಎಲೆ ಬಿಡಂಗಿಲ್ಲ.”

ಅಪ್ಪ ತಾಯಿಯ ಮುಖ ನೋಡಿದರು. ಅವಳಿಗೆ ಎಲ್ಲ ಗೊತ್ತಾಗಿದೆ ಎಂಬುದು ಅಲ್ಲಿ ಬರೆದ ಹಾಗಿತ್ತು. ಇಬ್ಬರೂ ಕಾಲಿನ ಮಾತೆತ್ತಲಿಲ್ಲ. ಅಪ್ಪ ತಲೆ ತಗ್ಗಿಸಿ ಒಂದೊಂದೇ ಎಲೆಯನ್ನು ಅಗಿದರು.

ಆಮೇಲಿನ ಒಂದು ತಿಂಗಳನ್ನು ನಾನು ವರ್ಣಿಸಲಾರೆ. ನೆಪ ಹೂಡಿ ತಿನ್ನಲು ಸಿಹಿಯ ಪ್ರಸಾದವಿಲ್ಲ, ಇರುವ ಸೊಪ್ಪಿನ ಪ್ರಸಾದವನ್ನು ಬಿಡುವಂತಿಲ್ಲ. ಹೊನಗೊನೆ ಪ್ರಸಾದ, ಅಣ್ಣೆಸೊಪ್ಪಿನ ಪ್ರಸಾದ, ಒಂದು ಸೋಮವಾರ ಹಾಗಲಕಾಯಿ ಪ್ರಸಾದ. ಅವತ್ತು ಬಟ್ಟಲು ತೊಳೆದ ನೀರನ್ನು ಕುಡಿಯುವಾಗ, ತಪಸ್ಸಿಗೆ ಹೋದ ರಾಜಕುಮಾರಿಯರೆಲ್ಲ ಗಂಟು ಕಟ್ಟಿಕೊಂಡು ನನ್ನನ್ನು ಬಿಟ್ಟು ಹೋದರು. ಉಳಿದವಳು ನಾನೊಬ್ಬಳೇ. ಒಂದು ಮಧ್ಯಾಹ್ನ ಕೆಂಚಮ್ಮನ ಮನೆ ಕಡೆಗೆ ಮುದ್ದೆಯ ಆಸೆಗೆ ಹೊರಟೂಬಿಟ್ಟೆ. ಅರ್ಧ ದಾರಿಯಲ್ಲಿ ಅಪ್ಪ ಅಂಗಡಿಯ ಮುಂದೆ ಸ್ಟೂಲಿನ ಮೇಲೆ ಪಟ್ಟಿ ಕಟ್ಟಿದ ಕಾಲನ್ನು ನೀಡಿಕೊಂಡು, ಎದುರಿನ ಹೋಟೆಲಿನವನು ಕಳಿಸಿದ ಮೈಸೂರುಪಾಕಿನ ಎಲೆಯನ್ನು ವಾಪಸ್ಸು ಕಳಿಸುತ್ತಿದ್ದದ್ದು ಕಾಣಿಸಿತು. ಕಳಿಸುವ ಮುಂಚೆ ಒಂದು ಸಲ ಮೂಸಿ ನೋಡಿದರು. ನಾನು ಅಲ್ಲಿಂದಲೇ ಹಿಂದಿರುಗಿದೆ. ದಾರಿಯುದ್ದಕ್ಕೂ ಅತ್ತೆ. ಎಷ್ಟು ಪಾಲು ಅಪ್ಪನಿಗೆ, ಎಷ್ಟು ಪಾಲು ಮುದ್ದೆಗೆ ಎಂದು ಹೇಳಲಾರೆ.

ವಾರ ವಾರ ಸಾಹೇಬರು ಬಂದು ಗಾಯ ತೊಳೆದರು. ಮೊದಲ ವಾರ ಬಾವು ಇದ್ದಲ್ಲೇ ಇತ್ತು. ಎರಡನೆಯ ವಾರವೂ ಇದ್ದಲ್ಲೇ ಇತ್ತು, ಹತ್ತಲಿಲ್ಲ. ಮೂರನೆಯ ವಾರ ಅವರು ಏನೂ ಹೇಳದೆ ಹೋದರು, ಆ ರಾತ್ರಿ ಅಜ್ಜಿ ದೇವರ ಗೂಡಿನ ದೀಪಕ್ಕೆ ಎರಡು ಸಲ ಎಣ್ಣೆ ಹಾಕಿದಳು.

ನಾಲ್ಕನೆಯ ಬುಧವಾರ ಅವರನ್ನು ಮನೆಗೇ ಕರೆಸಬೇಕೆಂದು ಅಜ್ಜಿ ಹಟ ಹಿಡಿದಳು. ಪರಗಂಡಸರ ಮುಂದೆ ಬರುವವಳಲ್ಲ. ನಡುಮನೆಯ ಬಾಗಿಲ ಹಿಂದೆ ನಿಂತಳು. ಸೆರಗಿನ ತುದಿ ಮಾತ್ರ ಕಾಣುತ್ತಿತ್ತು. ಸಾಹೇಬರು ಜಗಲಿಯ ಮೇಲೆ ದೀಪ ಹಚ್ಚಿ ಕೊಳವೆ ಹಿಡಿದರು. ನೀಲಿ ಕುದಿಯಿತು. ನೀಲಿಯಾಗಿಯೇ ಕುದಿಯಿತು. ಕೊನೆಗೆ ಅಂಚಿನಲ್ಲಿ ಸ್ವಲ್ಪ ಹಸಿರು ತಿರುಗಿ ಅಲ್ಲಿಗೇ ನಿಂತಿತು. ಈ ಸಲ ನಾನು ಬಾಯಿ ಬಿಡಲಿಲ್ಲ.

ಪಟ್ಟಿ ಬಿಚ್ಚಿದರು. ಚಿಮುಟದಿಂದ ಕಪ್ಪು ಚರ್ಮದ ಚೂರೊಂದನ್ನು ಎತ್ತಿದರು. ಅದರ ಕೆಳಗೆ ಹೊಸ ಚರ್ಮ ಕೂಸಿನ ವಸಡಿನ ಹಾಗೆ ಕೆಂಪಗಿತ್ತು. ಪಾದದ ಮೇಲೆ ಬೆರಳಿಂದ ಒತ್ತಿ ಒತ್ತಿ ನೋಡಿದರು. ಬಾವು ಇರಲಿಲ್ಲ.

“ಬೆಂಗಳೂರು ಬೇಡ” ಎಂದರು.

ಅಪ್ಪ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡರು. ಬಾಗಿಲ ಹಿಂದಿನ ಸೆರಗು ಒಂದು ಸಲ ಮೇಲೆ ಹೋಗಿ ಕೆಳಗೆ ಬಂತು. ಅಲ್ಲಿಂದಲೇ ಅಜ್ಜಿಯ ದನಿ ಕೇಳಿಸಿತು. “ಜಗದಿ, ಕೇಳಮ್ಮ. ಈ ಪಥ್ಯ ಇನ್ನೆಷ್ಟು ದಿನ ಅಂತ.”

ಒಳ್ಳೆಯ ಪ್ರಶ್ನೆ. ನಾವು ಮೂವರೂ ಅದನ್ನೇ ಮನಸ್ಸಿನಲ್ಲಿ ಎಣಿಸುತ್ತಿದ್ದೆವು. ಅಜ್ಜಿ ಒಂದು ಮಂಡಲ, ನಲವತ್ತೆಂಟು ದಿನ ಎಂದುಕೊಂಡಿದ್ದಳು. ಅಪ್ಪ ಗಾಯ ಮಾಯುವ ದಿನ ಎಂದುಕೊಂಡಿದ್ದರು. ನಾನು ಯುಗಾದಿಯ ಹೋಳಿಗೆಗೆ ಮನಸ್ಸಿನಲ್ಲೇ ಬೇಳೆ ನೆನೆಹಾಕಿದ್ದೆ.

“ಎಷ್ಟು ದಿನ ಅಂದ್ರೆ?” ಸಾಹೇಬರು ಪೆಟ್ಟಿಗೆ ಮುಚ್ಚುತ್ತ ಹೇಳಿದರು. “ಬದುಕಿರೋವರೆಗೂ.”

ಬೀದಿಯಲ್ಲಿ ಎತ್ತಿನ ಗಾಡಿಯೊಂದು ಹೋದದ್ದು ಕೊನೆಯವರೆಗೂ ಕೇಳಿಸಿತು.

“ಬದುಕಿರೋವರೆಗೂ ಅಂದ್ರೆ… ಎಷ್ಟು ದಿನ ಸಾಹೇಬ್ರೆ?” ಎಂದರು ಅಪ್ಪ.

“ಅದು ನಿಮ್ಮ ಕೈಲೈತೆ. ಹಿಂಗೇ ಎಷ್ಟು ದಿನ ತಿಂತೀರೋ ಅಷ್ಟು ದಿನ.”

ಅಪ್ಪ ಕಾಲಿನ ಬೆರಳುಗಳನ್ನು ಒಂದೊಂದಾಗಿ ಆಡಿಸಿ ನೋಡಿದರು. ಐದೂ ಆಡಿದವು. ಬಾಗಿಲ ಕಡೆ ತಿರುಗಿ, “ಅವ್ವ, ನಾಳೆ ಎಡೆಗೆ ಏನು?” ಎಂದು ಕೇಳಿದರು.

“ಹಿತ್ಲಾಗೆ ಬೇಕಾದಷ್ಟೈತೆ. ಜಗದಿ ಕುಯ್ಕೊಂಡು ಬತ್ತಾಳೆ.”

ನಾನು ಮಂಕರಿ ಎತ್ತಿಕೊಂಡೆ. ಹಿತ್ತಿಲ ಬಾಗಿಲು ದಾಟುವಾಗ ಹಿಂದಿನಿಂದ ಅಪ್ಪ ಕೂಗಿದರು, “ಜಗದಿ, ನುಗ್ಗೆ ಬ್ಯಾಡ ಕಣಮ್ಮ, ನೆನ್ನೆನೂ ಅದೇ ಆಯ್ತು!”